ಒಬ್ಬರಿಗೆ ಹ್ಯಾಮ್, ಇನ್ನೊಬ್ಬರಿಗೆ ಎಣ್ಣೆ

ಎಚ್‌ಆರ್ ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ನಾನು ತಪ್ಪದೆ ನೋಡಲು ಹೇಳುವ ಧಾರಾವಾಹಿ ಕೊರಿಯಾದ ‘ಮಿಸೇಂಗ್’. 2014ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಟಿವಿಎನ್ ವಾಹಿನಿಯಲ್ಲಿ ಬಂತು, 20 ಕಂತು. ಯೂನ್ ಟೇ-ಹೋ ಅವರ ವೆಬ್‌ಟೂನ್, ಅಂದರೆ ಇಂಟರ್ನೆಟ್‌ನಲ್ಲಿ ಬರುವ ಚಿತ್ರಕಥೆ, ಇದರ ಮೂಲ. ಪ್ರೀತಿ ಪ್ರೇಮ ಹುಡುಕಿದರೆ ಸಿಗೋದು ಕಷ್ಟ. ಇಲ್ಲಿರುವುದು ಜೆರಾಕ್ಸ್ ಮೆಷಿನ್ನು, ಫೈಲು, ಬೈಗುಳ, ರಾತ್ರಿಯಾದರೂ ಆರದ ಆಫೀಸಿನ ದೀಪ.

ಕಥಾನಾಯಕ ಜಾಂಗ್ ಗ್ರೇ. ಚಿಕ್ಕಂದಿನಿಂದ ಕಪ್ಪು ಬಿಳಿ ಕಾಯಿಗಳ ಆಟ ಕಲಿತವನು. ಆ ಆಟಕ್ಕೆ ಕೊರಿಯನ್ನರು ಹೇಳುವುದು ‘ಬದುಕ್’ ಅಂತ! ನಮ್ಮ ಕಿವಿಗೆ ಬೇರೆಯೇ ಅರ್ಥ ಕೇಳಿಸುತ್ತೆ, ಅಲ್ವಾ? ಕಾಯಿಗಳ ಗುಂಪಿನೊಳಗೆ ‘ಕಣ್ಣು’ ಎನ್ನುವ ಎರಡು ಖಾಲಿ ಜಾಗ ಇದ್ದರೆ ಆ ಗುಂಪು ಉಳಿಯಿತು. ಇನ್ನೂ ಉಳಿದಿಲ್ಲ, ಸತ್ತೂ ಇಲ್ಲ ಎನ್ನುವ ಸ್ಥಿತಿಯೇ ಮಿಸೇಂಗ್. ವೃತ್ತಿ ಆಟಗಾರ ಆಗಲಾರದ ಗ್ರೇ ಯಾರದೋ ಶಿಫಾರಸಿನಿಂದ ವ್ಯಾಪಾರ ಕಂಪನಿಯೊಂದಕ್ಕೆ ಇಂಟರ್ನ್ ಆಗಿ ಬರುತ್ತಾನೆ. ಕಾಲೇಜು ಮೆಟ್ಟಿಲು ಹತ್ತಿದವನಲ್ಲ. ಜೊತೆಗಿದ್ದ ಮೂವರು ಪರ್ಮನೆಂಟ್ ಆದರು. ಇವನಿಗೆ ಎರಡು ವರ್ಷದ ಕಾಂಟ್ರಾಕ್ಟ್.

ಈ ಎರಡು ವರ್ಷದ ಲೆಕ್ಕ ಸ್ವಲ್ಪ ಬಿಡಿಸಿ ಹೇಳಬೇಕು. ಕೊರಿಯಾದಲ್ಲಿ 2007ರಲ್ಲಿ ಜಾರಿಗೆ ಬಂದ ಕಾನೂನಿನ ಪ್ರಕಾರ ಕಾಂಟ್ರಾಕ್ಟ್ ನೌಕರನನ್ನು ಎರಡು ವರ್ಷಕ್ಕಿಂತ ಜಾಸ್ತಿ ಇಟ್ಟುಕೊಂಡರೆ ಅವನು ಪರ್ಮನೆಂಟ್ ಎಂದೇ ಲೆಕ್ಕ. ನೌಕರನ ಒಳ್ಳೆಯದಕ್ಕೇ ಹಾಕಿದ ಗೆರೆ. ಆದರೆ ಎಷ್ಟೋ ಕಂಪನಿಗಳು ಗೆರೆ ಮುಟ್ಟುವ ಮೊದಲೇ ‘ಹೋಗಿ ಬನ್ನಿ’ ಎಂದವು. ಧಾರಾವಾಹಿ ಮುಗಿದ ತಿಂಗಳೇ ಅಲ್ಲಿನ ಸರ್ಕಾರ 35 ದಾಟಿದವರಿಗೆ ಈ ಮಿತಿಯನ್ನು ನಾಲ್ಕು ವರ್ಷ ಮಾಡುವ ಪ್ರಸ್ತಾಪ ತಂದಿತು. ಅದಕ್ಕೆ ‘ಜಾಂಗ್ ಗ್ರೇ ಕಾನೂನು’ ಅಂತಲೇ ಹೆಸರು ಬಿತ್ತು. ಗ್ರೇಗಿನ್ನೂ 26. ಅತಂತ್ರದಲ್ಲಿ ಇನ್ನೆರಡು ವರ್ಷ ಕಳೆಯಬೇಕಾ ಎಂದು ಕಾರ್ಮಿಕ ಸಂಘಗಳು ಸಿಟ್ಟಿಗೆದ್ದವು.

ನನ್ನನ್ನು ಜಾಸ್ತಿ ಕಾಡಿದ್ದು ಹಬ್ಬದ ಉಡುಗೊರೆಯ ದೃಶ್ಯ. ಪರ್ಮನೆಂಟ್ ನೌಕರರಿಗೆ ಹ್ಯಾಮ್ (ಹಂದಿಮಾಂಸ) ಡಬ್ಬಗಳ ಪೆಟ್ಟಿಗೆ. ಗ್ರೇಗೆ ಅಡುಗೆ ಎಣ್ಣೆ. ಯಾರೂ ಬೈಯುವುದಿಲ್ಲ, ಯಾರೂ ನಗುವುದಿಲ್ಲ. ಪೆಟ್ಟಿಗೆಯೇ ಎಲ್ಲ ಹೇಳಿಬಿಡುತ್ತದೆ.

ಅದನ್ನು ನೋಡಿದಾಗ ನನಗೆ ನೆನಪಾಗಿದ್ದು ಬೆಂಗಳೂರಿನಲ್ಲಿ ನಾನು ಹಿಂದೆ ಕೆಲಸ ಮಾಡಿದ ಒಂದು ಆಫೀಸು. ಪರ್ಮನೆಂಟ್ ಇದ್ದವರ ಐಡಿ ಕಾರ್ಡಿಗೆ ನೀಲಿ ಟ್ಯಾಗ್, ಕಾಂಟ್ರಾಕ್ಟಿನವರಿಗೆ ಹಳದಿ. ಲಿಫ್ಟಿನಲ್ಲಿ ಒಬ್ಬ ಹುಡುಗಿ ಹಳದಿ ಟ್ಯಾಗನ್ನು ಮಡಚಿ ಮಡಚಿ ಚೂಡಿದಾರದ ಜೇಬಿಗೆ ತುರುಕುತ್ತಿದ್ದಳು. ಯಾಕಮ್ಮ ಎಂದೆ. “ಕ್ಯಾಂಟೀನಲ್ಲಿ ಮೊದಲು ಟ್ಯಾಗ್ ನೋಡ್ತಾರೆ ಮೇಡಂ, ಆಮೇಲೆ ಮುಖ” ಅಂದಳು. ಆ ಬಣ್ಣಗಳಿಗೆ ಸಹಿ ಹಾಕಿದವಳು ನಾನೇ. ಯಾರಿಗೆ ಯಾವ ಬಾಗಿಲು ತೆರೆಯಬೇಕು ಅನ್ನೋದು ಕಾರ್ಡಿನ ಚಿಪ್ಪಿನಲ್ಲಿರುತ್ತೆ, ಬಣ್ಣ ಬೇಕಿರಲೇ ಇಲ್ಲ. ಅದನ್ನು ಮೇಲಿನವರಿಗೆ ಒಪ್ಪಿಸಲು ನಾಲ್ಕು ತಿಂಗಳು ಹಿಡಿಯಿತು.

ಇನ್ನೊಂದು ದೃಶ್ಯ. ಗೋಂದು ಹಚ್ಚಲು ಬಂದ ಪಕ್ಕದ ತಂಡದ ಇಂಟರ್ನ್ ಜೊತೆ ಗ್ರೇ ತಂಡದ ಕಾಗದವೊಂದು ಅಂಟಿಕೊಂಡು ಹೋಗುತ್ತದೆ. ಬೈಗುಳ ಬೀಳುವುದು ಗ್ರೇಗೆ. ರಾತ್ರಿ ಕುಡಿದ ಮತ್ತಿನಲ್ಲಿ ಅವನ ಬಾಸ್ ಓ ಸಾಂಗ್-ಶಿಕ್ ಪಕ್ಕದ ತಂಡದ ಮುಖ್ಯಸ್ಥನ ಮೇಲೆ ರೇಗುತ್ತಾನೆ: ನಿಮ್ಮ ಹುಡುಗನಿಂದ ನಮ್ಮ ಹುಡುಗ ಬೈಸಿಕೊಂಡ ಅಂತ. ಕೊರಿಯನ್ನಿನ ‘ಉರಿ ಏ’ಗೆ ನಮ್ಮಲ್ಲಿ ‘ನಮ್ ಹುಡ್ಗ’ ಅಂತ ಸಲೀಸಾಗಿ ಕೂರುತ್ತದೆ. ಗ್ರೇ ಆ ಎರಡು ಪದ ಹಿಡಿದುಕೊಂಡು ನಿಂತುಬಿಡುತ್ತಾನೆ. ಅಲ್ಲಿಯವರೆಗೆ ಅವನನ್ನು ಯಾರೂ ನಮ್ಮವನು ಅಂದಿರಲಿಲ್ಲ.

ಆದರೆ ಅಕ್ಕರೆ ಇದ್ದ ಮಾತ್ರಕ್ಕೆ ಕಾಂಟ್ರಾಕ್ಟ್ ಮುಂದುವರಿಯಲ್ಲ. ಗ್ರೇಯನ್ನು ಉಳಿಸಿಕೊಳ್ಳಲು ಬಾಸ್ ಓ ತನಗೆ ಮನಸ್ಸಿಲ್ಲದ ಒಂದು ಚೀನಾ ವ್ಯವಹಾರಕ್ಕೆ ಕೈ ಹಾಕುತ್ತಾನೆ. ಕೊನೆಗೆ ಅವನೇ ಕೆಲಸ ಬಿಡಬೇಕಾಗುತ್ತದೆ, ಗ್ರೇಯೂ ಹೊರಬೀಳುತ್ತಾನೆ. ಈ ಭಾಗವನ್ನು ಮೆತ್ತಗೆ ಮಾಡದೆ ತೋರಿಸಿದ್ದಕ್ಕೇ ನನಗೆ ಇದರ ಮೇಲೆ ಗೌರವ.

ಮ್ಯಾನೇಜರ್‌ಗಳಿಗೆ ನಾನು ಕೇಳಿಕೊಳ್ಳುವುದಿಷ್ಟು. ಪರ್ಮನೆಂಟ್ ಮಾಡುವ ಅಧಿಕಾರ ನಿಮಗಿಲ್ಲದಿದ್ದರೆ ‘ನೋಡೋಣ, ಮಾಡೋಣ’ ಅನ್ನಬೇಡಿ. ಆ ಮಾತು ನಂಬಿ ಬೇರೆ ಆಫರ್ ಬಿಟ್ಟವರನ್ನು ನಾನು ನೋಡಿದ್ದೇನೆ. ಕಾಂಟ್ರಾಕ್ಟ್ ಮುಗಿಯಲು ಆರು ತಿಂಗಳಿರುವಾಗಲೇ ಕರೆದು, ಎದುರಿಗೆ ಕೂರಿಸಿಕೊಂಡು, ಇದೆಯೋ ಇಲ್ಲವೋ ಹೇಳಿಬಿಡಿ. ಹುಡುಕಿಕೊಳ್ಳಲು ಅವರಿಗೂ ಟೈಮ್ ಬೇಕು.