ಕ್ಯಾಲಿಬರ್ ಎಂದರೇನು? ಹಳೇ ಉಕ್ಕಿನ ಟಾರ್ಗೆಟ್ ಪಿಸ್ತೂಲಿಗೆ ಯಾವುದು ಸರಿ?

ಬೆಳಗಾವಿಯ ಉದ್ಯಮಬಾಗದಲ್ಲಿ ನಾಲ್ಕು ದಿನ ಲೇಥ್ ಮುಂದೆ ನಿಂತವರಿಗೆ ‘ಬೋರ್’ ಎಂದರೇನೆಂದು ಹೇಳಿಕೊಡಬೇಕಾಗಿಲ್ಲ. ಅದು ಒಳವ್ಯಾಸ. ಬೋರ್ ಗೇಜ್ ಇಳಿಸುವುದು, ಡಯಲ್ ನೋಡುವುದು, ಮುಳ್ಳು ಗೆರೆ ದಾಟಿದರೆ ಜಾಬ್ ರಿಜೆಕ್ಟ್. ಆ ಶಿಸ್ತಿನಲ್ಲಿ ಪಳಗಿದವರಿಗೆ ಪಿಸ್ತೂಲಿನ ಕ್ಯಾಲಿಬರ್ ತಲೆ ಕೆಡಿಸುತ್ತದೆ. .38 ಎಂದು ಕೊರೆದ ರಿವಾಲ್ವರಿನ ಗುಂಡನ್ನು ಮೈಕ್ರೊಮೀಟರಿನಲ್ಲಿ ಹಿಡಿದರೆ .357 ಇಂಚು ಬರುತ್ತದೆ. ಇದನ್ನು ಯಾವ ಇನ್‌ಸ್ಪೆಕ್ಟರ್ ಪಾಸ್ ಮಾಡಿದ ಎಂದು ಕೇಳಬೇಕು ಅನ್ನಿಸುವುದು ಸಹಜ.

ಕ್ಯಾಲಿಬರ್ ಎಂದರೆ ಮೂಲದಲ್ಲಿ ನಳಿಕೆಯ ಒಳವ್ಯಾಸ ಅಥವಾ ಅದರಿಂದ ಹೊರಡುವ ಗುಂಡಿನ ವ್ಯಾಸ. ಇಂಚಿನಲ್ಲಿ ಹೇಳಿದರೆ .22, .32, .38, .45, ಮಿಲಿಮೀಟರಿನಲ್ಲಿ ಹೇಳಿದರೆ 4.5, 7.65, 9. ಆದರೆ ನಳಿಕೆಯ ಒಳಗೋಡೆ ನುಣುಪಾಗಿರುವುದಿಲ್ಲ. ಗುಂಡು ತಿರುಗುತ್ತ ಹೋಗಲೆಂದು ಒಳಗೆ ಸುರುಳಿ ಗ್ರೂವ್ ಕೊರೆದಿರುತ್ತಾರೆ, ನಡುವೆ ಉಳಿದ ಏಣು ಲ್ಯಾಂಡ್. ಎದುರುಬದುರಿನ ಲ್ಯಾಂಡ್‌ಗಳ ನಡುವೆ ಅಳೆದರೆ ಒಂದು ಅಂಕಿ, ಗ್ರೂವ್‌ಗಳ ನಡುವೆ ಅಳೆದರೆ ಇನ್ನೊಂದು. ಯಾರು ಯಾವುದನ್ನು ಹಿಡಿದರು ಎಂಬುದರ ಮೇಲೆ ಹೆಸರು ಬದಲಾಯಿತು.

.38ರ ಕಥೆ ಇನ್ನೂ ಬೇರೆ. ಕಾಡತೂಸು ಎಂದರೆ ಮದ್ದು ತುಂಬಿದ ಲೋಹದ ಕೇಸು, ಅದರ ಬಾಯಲ್ಲಿ ಗುಂಡು. ಹಿಂದಿನ ಕಾಲದ ಕಾಡತೂಸುಗಳಲ್ಲಿ ಗುಂಡೂ ಕೇಸೂ ಹೊರಗಿನಿಂದ ಒಂದೇ ದಪ್ಪ ಇರುತ್ತಿದ್ದವು. ಮುಂದೆ ಗುಂಡನ್ನು ಸಣ್ಣದು ಮಾಡಿ ಕೇಸಿನೊಳಗೆ ಕೂಡಿಸಿದರು, ಹೆಸರು ಮಾತ್ರ ಕೇಸಿನ ಅಳತೆಯದ್ದೇ ಉಳಿಯಿತು. .22 ಲಾಂಗ್ ರೈಫಲ್‌ನಲ್ಲಿ ಆ ಹಳೇ ಪದ್ಧತಿ ಇಂದಿಗೂ ಜೀವಂತ: ಕೇಸು ಮತ್ತು ಗುಂಡು ಎರಡೂ ಬೆರಳಿಗೆ ಒಂದೇ ಸಮ ಹತ್ತುತ್ತವೆ. ಇನ್ನು ಹೊಲದ ಮನೆಗಳಲ್ಲಿ ಗೋಡೆಗೆ ತೂಗುಹಾಕಿದ 12 ಬೋರ್ ಬಂದೂಕು. ಅದರಲ್ಲಿ ಇಂಚೂ ಇಲ್ಲ, ಎಂಎಂ ಕೂಡ ಇಲ್ಲ. ಆ ನಳಿಕೆಯಲ್ಲಿ ಸರಿಯಾಗಿ ಹಿಡಿಯುವ ಸೀಸದ 12 ಉಂಡೆ ಕೂಡಿದರೆ ಒಂದು ಪೌಂಡ್ ತೂಕ, ಅಷ್ಟೇ. ಹಾಗಾಗಿ ಅಲ್ಲಿ ಅಂಕಿ ಏರಿದಂತೆ ತೂತು ಕಿರಿದಾಗುತ್ತದೆ.

ಹೀಗಾಗಿ ಪಿಸ್ತೂಲಿನ ಮೇಲಿನ ಅಂಕಿಯನ್ನು ಅಳತೆ ಎಂದು ಓದಬೇಡಿ, ಹೆಸರು ಎಂದು ಓದಿ. ಕ್ಯಾಲಿಬರ್ ಆರಿಸುವುದೆಂದರೆ ಕಾಡತೂಸು ಆರಿಸುವುದು. ಅದರ ಕೇಸಿನ ಉದ್ದ, ಮದ್ದಿನ ಒತ್ತಡ, ಗುಂಡಿನ ತೂಕ ಮತ್ತು ಆಕಾರ ಎಲ್ಲ ಅದರ ಬೆನ್ನಿಗೇ ಬರುತ್ತವೆ. .32 ಎಂಬ ಒಂದೇ ಅಂಕಿಯಡಿ ರಿವಾಲ್ವರಿನ .32 ಎಸ್ ಆ್ಯಂಡ್ ಡಬ್ಲ್ಯೂ ಲಾಂಗ್ ಇದೆ, ಪಿಸ್ತೂಲಿನ .32 ಎಸಿಪಿಯೂ ಇದೆ. ಒಂದರ ಬದಲು ಇನ್ನೊಂದು ನಡೆಯುವುದಿಲ್ಲ.

ಈಗ ಉಕ್ಕಿನ ಪಿಸ್ತೂಲಿಗೆ ಬರೋಣ. ಹಳೇ ಟಾರ್ಗೆಟ್ ಪಿಸ್ತೂಲು ಎಂದಕೂಡಲೇ ಬಲ್ಲವರ ಬಾಯಲ್ಲಿ ಬರುವ ಹೆಸರು ಸ್ವಿಟ್ಜರ್ಲೆಂಡಿನ ಸಿಗ್ ಪಿ210. 1949ರಲ್ಲಿ ಸ್ವಿಸ್ ಸೇನೆ ಒಪ್ಪಿಕೊಂಡ ಪಿಸ್ತೂಲು ಇದು. ಸಾಮಾನ್ಯವಾಗಿ ಸ್ಲೈಡ್ (ಹಾರಿಸಿದಾಗ ಹಿಂದೆ ಮುಂದೆ ಓಡುವ ಮೇಲಿನ ಭಾಗ) ಹಿಡಿಕೆಯಿರುವ ಫ್ರೇಮಿನ ಹೊರಗಿನಿಂದ ಅಪ್ಪಿಕೊಂಡು ಓಡಿದರೆ, ಇದರಲ್ಲಿ ಫ್ರೇಮಿನ ಒಳಗೆ ಓಡುತ್ತದೆ. ರೇಲ್ ಉದ್ದ, ಫಿಟಿಂಗ್ ಬಿಗಿ, ಅಲುಗಾಟ ಕಡಿಮೆ. ಮಷಿನಿಂಗ್ ಬಲ್ಲ ಯಾರಿಗಾದರೂ ಆ ಸ್ಲೈಡ್ ಎಳೆದು ನೋಡಬೇಕು ಅನ್ನಿಸೀತು. ನಮ್ಮ ಕಡೆ ಅದು ಕೈಗೆ ಸಿಗುವುದು ಅಪರೂಪದಲ್ಲಿ ಅಪರೂಪ, ಆ ಮಾತು ಬೇರೆ.

ಈ ಪಿಸ್ತೂಲು 9 ಎಂಎಂ ಪ್ಯಾರಾಬೆಲಮ್, 7.65 ಪ್ಯಾರಾಬೆಲಮ್ ಎರಡರಲ್ಲೂ ಬಂತು, .22ರ ಕನ್ವರ್ಶನ್ ಕಿಟ್ ಕೂಡ ಇತ್ತು. 7.65 ಹಿರಿಯದು, ಸ್ವಿಸ್ ಸೇನೆ 1900ರಲ್ಲೇ ಆ ಕಾಡತೂಸು ಹಾರಿಸುವ ಲೂಗರ್ ಪಿಸ್ತೂಲನ್ನು ತೆಗೆದುಕೊಂಡಿತ್ತು. ಆ ಕೇಸಿನ ಕಿರಿದಾದ ಕುತ್ತಿಗೆಯನ್ನು ಅಗಲ ಮಾಡಿ, ದಪ್ಪ ಗುಂಡು ಕೂಡಿಸಿದಾಗ ಹುಟ್ಟಿದ್ದೇ 9 ಎಂಎಂ. ಎರಡರ ಬುಡ ಒಂದೇ ಅಳತೆ. ಅದಕ್ಕೇ ಪಿ210ರಲ್ಲಿ ಬ್ಯಾರೆಲ್ ಮತ್ತು ಸ್ಪ್ರಿಂಗ್ ಬದಲಿಸಿದರೆ ಒಂದರಿಂದ ಇನ್ನೊಂದಕ್ಕೆ ಹೋಗಬಹುದು. .22ಕ್ಕೆ ಹೋಗಲು ಸ್ಲೈಡ್, ಕಾಡತೂಸು ತುಂಬುವ ಮ್ಯಾಗಜಿನ್ ಕೂಡ ಬೇರೆ ಬೇಕು.

ತೂಕ ನೋಡಿ. .22ರ ಗುಂಡು ಸುಮಾರು 2.6 ಗ್ರಾಂ, 7.65ರದ್ದು 6 ಗ್ರಾಂ, 9 ಎಂಎಂನದ್ದು 7.5ರಿಂದ 8 ಗ್ರಾಂ. 900 ಗ್ರಾಂ ದಾಟಿದ ಉಕ್ಕಿನ ಪಿಸ್ತೂಲಿನಲ್ಲಿ .22 ಒದ್ದದ್ದು ಗೊತ್ತೇ ಆಗುವುದಿಲ್ಲ. 7.65 ಮೆತ್ತಗೆ ಒದೆಯುತ್ತದೆ. 9 ಎಂಎಂ ಒದ್ದರೂ ಉಕ್ಕಿನ ಭಾರ ಬಹುಪಾಲು ನುಂಗಿಕೊಳ್ಳುತ್ತದೆ.

ಕಾಗದದ ಗುರಿಗೆ ಬಲ ಬೇಕಿಲ್ಲ, ಒಂದೇ ತೂತಿನ ಹತ್ತಿರ ಮತ್ತೆ ಮತ್ತೆ ಬೀಳುವ ಗುಂಡು ಬೇಕು. ಅಮೆರಿಕದ ಸ್ಮಿತ್ ಆ್ಯಂಡ್ ವೆಸನ್ ಇದನ್ನು ಅತಿಗೆ ಒಯ್ದು 1961ರಲ್ಲಿ ಮಾಡೆಲ್ 52 ಮಾಡಿತು. ಅದು .38 ಸ್ಪೆಶಲ್, ಆದರೆ ವಾಡ್‌ಕಟರ್ ಮಾತ್ರ ತಿನ್ನುತ್ತದೆ. ವಾಡ್‌ಕಟರ್ ಎಂದರೆ ಮೂತಿ ಚಪ್ಪಟೆ ಇರುವ ಸೀಸದ ಗುಂಡು, ಕೇಸಿನ ಬಾಯಿಗೆ ಸಮನಾಗಿ ಒಳಗೇ ಕೂತಿರುತ್ತದೆ. ಮ್ಯಾಗಜಿನ್‌ನಲ್ಲಿ ಐದೇ ಹಿಡಿಯುತ್ತವೆ, ಮೂತಿ ಚಾಚಿದ ಮಾಮೂಲಿ .38 ಕೂಡುವುದೇ ಇಲ್ಲ. ಈ ಗುಂಡು ಹಾದುಹೋದ ಕಾಗದವನ್ನು ಹತ್ತಿರ ಹಿಡಿದು ನೋಡಬೇಕು: ಫೈಲಿಗೆ ಪಂಚಿಂಗ್ ಮಷಿನ್ ಒತ್ತಿದಂತೆ ದುಂಡನೆಯ ತೂತು. ಉರುಟು ಮೂತಿಯ ಗುಂಡಿನ ತೂತಿನಲ್ಲಿ ಅಂಚು ಹರಿದು ಒಳಕ್ಕೆ ಮಡಚಿರುತ್ತದೆ, ಅಂಕದ ಗೆರೆ ಮುಟ್ಟಿತೋ ಇಲ್ಲವೋ ಎಂದು ಜಗಳ ಹತ್ತುತ್ತದೆ.

ಅಂತರರಾಷ್ಟ್ರೀಯ ಶೂಟಿಂಗ್ ಫೆಡರೇಶನ್ನಿನ 25 ಮೀಟರ್ ಸೆಂಟರ್ ಫೈರ್ (ಕೇಸಿನ ಬುಡದ ನಟ್ಟನಡುವೆ ಬಡಿದು ಹಾರಿಸುವ ಕಾಡತೂಸಿನ) ಸ್ಪರ್ಧೆಯಲ್ಲಿ 7.62ರಿಂದ 9.65 ಎಂಎಂವರೆಗೆ ಅವಕಾಶವಿದೆ. ಗುಂಡು ಸೀಸದಂಥ ಮೆತ್ತನೆಯ ಲೋಹದ್ದೇ ಇರಬೇಕು, ಮೇಲೆ ತಾಮ್ರದ ಕವಚ ಇರಕೂಡದು. ಜಸ್ಪಾಲ್ ರಾಣಾ 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ 590 ಅಂಕ ಹೊಡೆದು ಚಿನ್ನ ಗೆದ್ದದ್ದು ಈ ಸ್ಪರ್ಧೆಯಲ್ಲೇ. ಇಲ್ಲಿ ಹೆಚ್ಚಿನವರು ಹಿಡಿಯುವುದು .32 ಎಸ್ ಆ್ಯಂಡ್ ಡಬ್ಲ್ಯೂ ಲಾಂಗ್ ವಾಡ್‌ಕಟರ್. ವಿಜಯ್ ಕುಮಾರ್ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ತಂದ ರ‍್ಯಾಪಿಡ್ ಫೈರ್ ಮಾತ್ರ ಪೂರ್ತಿ .22ರ ಆಟ.

“ಸರ, ಪಿಸ್ತೂಲ್ ಅಂದಮ್ಯಾಲ 9 ಎಂಎಂನ ಅಲ್ಲೇನ್ರಿ?” ಎಂದು ಕೇಳುವವರು ಬಹಳ. ಸಿನಿಮಾದಲ್ಲಿ ಹೌದ್ರಿ. ಲೈಸೆನ್ಸ್ ಪುಸ್ತಕದಲ್ಲಿ ಅಲ್ಲ. ನಮ್ಮ ಶಸ್ತ್ರಾಸ್ತ್ರ ನಿಯಮಗಳಲ್ಲಿ ಸೇನೆಯ 9 ಎಂಎಂ ನಿಷೇಧಿತ ವರ್ಗಕ್ಕೆ ಸೇರಿದೆ. ಆ ನಿಯಮ ಬರೆದ ರೀತಿ ನನಗೆ ಬಹಳ ಹಿಡಿಸುತ್ತದೆ: ಬೋರ್ ಯಾವುದಾದರೂ ಇರಲಿ, ಆ ಕಾಡತೂಸನ್ನು ಒಳಗೆ ಹಿಡಿಸಿ ಹಾರಿಸಬಲ್ಲ ಪಿಸ್ತೂಲು ಎಂದೇ ಹೇಳುತ್ತದೆ. ಅಂದರೆ ಕಾನೂನು ಕೂಡ ತೂತು ಅಳೆಯುವುದಿಲ್ಲ, ಕಾಡತೂಸು ನೋಡುತ್ತದೆ. ಕಾನ್ಪುರದ ಸರ್ಕಾರಿ ಕಾರ್ಖಾನೆಯ ನಾಗರಿಕ ರಿವಾಲ್ವರ್ .32 ಆಗಿರುವುದಕ್ಕೆ ಕಾರಣ ಇದೇ. ಇಟಲಿಯಲ್ಲೂ ದಶಕಗಳ ಕಾಲ ನಾಗರಿಕರಿಗೆ 9 ಎಂಎಂ ಪ್ಯಾರಾಬೆಲಮ್ ಸಿಗುತ್ತಿರಲಿಲ್ಲ, ಅಲ್ಲಿನವರಿಗೆ 7.65 ಒಂದು ದಾರಿಯಾಗಿತ್ತು. ಹೆಸರಾಂತ ಶೂಟರ್‌ಗಳಿಗೆ ನಮ್ಮಲ್ಲಿ ವಿನಾಯಿತಿ ಉಂಟು, ಆದರೆ ಆ ಹಂತ ಮುಟ್ಟಿದವರು ಕ್ಯಾಲಿಬರ್ ಯಾವುದೆಂದು ನನ್ನಂಥವರನ್ನು ಕೇಳುವುದಿಲ್ಲ.

ನನ್ನನ್ನು ಕೇಳಿದರೆ .22 ಎನ್ನುತ್ತೇನೆ. 1887ರಿಂದ ನಡೆದುಬಂದ ಕಾಡತೂಸು, ಅಗ್ಗ, ಸ್ಪರ್ಧೆಗಳೂ ಹೆಚ್ಚು. ಒದೆ ಇಲ್ಲದ್ದರಿಂದ ತಪ್ಪು ಟ್ರಿಗರಿನದೋ ಕಣ್ಣಿನದೋ ತಿಳಿಯುತ್ತದೆ. 1957ರ ಸ್ಮಿತ್ ಆ್ಯಂಡ್ ವೆಸನ್ ಮಾಡೆಲ್ 41ರಂಥ ಉಕ್ಕಿನ .22 ಪಿಸ್ತೂಲು ಸಿಕ್ಕರೆ ಪಿ210 ಇಲ್ಲವೆಂದು ಕೊರಗಬೇಕಾಗಿಲ್ಲ. ಒಂದು ಕೊರತೆ ಉಂಟು: .22ರ ಕೇಸು ಹಾರಿಸಿದ ಮೇಲೆ ಮತ್ತೆ ತುಂಬಲು ಬರುವುದಿಲ್ಲ, ಪ್ರತಿ ಸಲ ಹೊಸದೇ ಕೊಳ್ಳಬೇಕು. ಸೆಂಟರ್ ಫೈರ್ ಸ್ಪರ್ಧೆಗೇ ಇಳಿಯುವವರು .32 ನೋಡಲಿ. 7.65 ಹೆಸರಿನಲ್ಲಿ ನಿಯಮದೊಳಗೆ ಕೂತರೂ ಅದರ ಕಾಡತೂಸು ಹುಡುಕುವುದರಲ್ಲೇ ಸೀಸನ್ ಮುಗಿದೀತು. ಸಂಗ್ರಹ ಮಾಡುವ ಹವ್ಯಾಸಿಗಳಿಗೆ ಮಾತ್ರ ಅದು ಚೆಂದ. ಯಾವುದನ್ನೇ ಒಪ್ಪಿದರೂ, ಪಿಸ್ತೂಲಿಗೆ ಮುಂಗಡ ಕೊಡುವ ಮೊದಲು ಬ್ಯಾರೆಲ್ ಮೇಲೆ ಕೊರೆದ ಕಾಡತೂಸಿನ ಪೂರ್ತಿ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು, ಅದೇ ಹೆಸರಿನ ಡಬ್ಬಿ ಇದೆಯೇ ಎಂದು ಅಂಗಡಿಯಲ್ಲಿ ಕೇಳಿ.