ತುರ್ತು ಸಂಪರ್ಕ: ಲಾಕ್ ಆದ ಫೋನಿನಲ್ಲಿ ಕಾಣುವುದೆಷ್ಟು?

ಫೋನಿನಲ್ಲಿ ತುರ್ತು ಸಂಪರ್ಕವನ್ನು, ಅಂದರೆ ಅವಘಡವಾದಾಗ ಕರೆ ಮಾಡಬೇಕಾದ ಆಪ್ತರ ಸಂಖ್ಯೆಯನ್ನು, ಉಳಿಸಿಕೊಳ್ಳುವಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೆಂದರೆ, ತುರ್ತು ಸಂಪರ್ಕದ ಮಾಹಿತಿಯನ್ನು ಓದುವವರು ಯಾರು ಎಂಬುದು. ಫೋನಿನ ಒಡೆಯರು ಪ್ರಜ್ಞೆ ತಪ್ಪಿ ಬಿದ್ದಿರುವಾಗ ಅದನ್ನು ಕೈಗೆತ್ತಿಕೊಳ್ಳುವವರು ಹೆಚ್ಚಿನ ಸಂದರ್ಭಗಳಲ್ಲಿ ಪಾಸ್‌ವರ್ಡ್ ಗೊತ್ತಿಲ್ಲದ ಅಪರಿಚಿತರು. ಹಾಗಾಗಿ ಫೋನಿನೊಳಗೆ ನೂರಾರು ಸಂಖ್ಯೆಗಳು ಅಚ್ಚುಕಟ್ಟಾಗಿದ್ದರೂ, ಲಾಕ್ ಪರದೆಯಿಂದ ತೆರೆಯಲಾಗದ ಸಂಖ್ಯೆ ಅವರ ಪಾಲಿಗೆ ಇದ್ದೂ ಇಲ್ಲದಂತೆ.

2005ರಲ್ಲಿ ಬ್ರಿಟನ್ನಿನ ಆಂಬುಲೆನ್ಸ್ ಸಿಬ್ಬಂದಿ ಬಾಬ್ ಬ್ರಾಚಿ ಅವರು ಆಪ್ತರೊಬ್ಬರ ಸಂಖ್ಯೆಯನ್ನು ‘ಐಸಿಇ’ (ಇನ್ ಕೇಸ್ ಆಫ್ ಎಮರ್ಜೆನ್ಸಿ, ಅಂದರೆ ತುರ್ತು ಸಂದರ್ಭಕ್ಕೆ) ಎಂಬ ಹೆಸರಿನಲ್ಲಿ ಉಳಿಸಿಕೊಳ್ಳುವಂತೆ ಸಲಹೆ ನೀಡಿದರು. ಯಾರು ಬೇಕಾದರೂ ತೆರೆಯಬಹುದಾಗಿದ್ದ ಫೋನುಗಳಿಗೆ ಆ ಉಪಾಯ ಚೆನ್ನಾಗಿ ಒಪ್ಪುತ್ತಿತ್ತು. ಬೆರಳಚ್ಚು, ಪಿನ್ ಬಂದ ಮೇಲೆ ಅದೊಂದೇ ಸಾಲದಾಯಿತು. ಐಫೋನಿನ 2014ರ ತಂತ್ರಾಂಶ ಐಒಎಸ್ 8ರಲ್ಲಿ ಬಂದ ಮೆಡಿಕಲ್ ಐಡಿ (ಆರೋಗ್ಯದ ವಿವರ ಮತ್ತು ತುರ್ತು ಸಂಪರ್ಕಗಳನ್ನು ಲಾಕ್ ಪರದೆಯಿಂದಲೇ ತೋರಿಸುವ ಪುಟ) ಮತ್ತು 2016ರ ಆಂಡ್ರಾಯ್ಡ್ 7ರಲ್ಲಿ ಸೇರಿದ ತುರ್ತು ಮಾಹಿತಿಯ ಪುಟ ಈ ಕೊರತೆಯನ್ನು ನೀಗಿಸಿದವು. ಇಂದಿಗೂ ಐಸಿಇ ಎಂದು ಬರೆದುಕೊಂಡು ನಿಶ್ಚಿಂತರಾಗಿರುವವರಿದ್ದಾರೆ. ಅದರಿಂದ ತೊಂದರೆಯಿಲ್ಲ, ಆದರೆ ಲಾಕ್ ಆದ ಫೋನಿನಲ್ಲಿ ಅದಷ್ಟರಿಂದಲೇ ಪ್ರಯೋಜನವೂ ಇಲ್ಲ.

ಐಫೋನಿನಲ್ಲಿ ಹೆಲ್ತ್ ಆ್ಯಪ್‌ನ ಮೆಡಿಕಲ್ ಐಡಿಯಲ್ಲಿ ಸಂಪರ್ಕಗಳನ್ನು ಸೇರಿಸಿ, ಲಾಕ್ ಆಗಿದ್ದಾಗಲೂ ಮಾಹಿತಿ ಕಾಣಿಸುವ ಆಯ್ಕೆ ಚಾಲೂ ಇದೆಯೇ ಎಂದು ನೋಡಬೇಕು. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್‌ನ ಸುರಕ್ಷತೆ ಮತ್ತು ತುರ್ತು ಪರಿಸ್ಥಿತಿಯ ವಿಭಾಗದಲ್ಲಿ ಇದು ಸಿಗುತ್ತದೆ. ತಯಾರಕರಿಗೆ ತಕ್ಕಂತೆ ಹೆಸರು ಸ್ವಲ್ಪ ಬದಲಾಗಬಹುದು. ಪರೀಕ್ಷೆಯನ್ನು ಮಾತ್ರ ಹೊರಗಿನಿಂದಲೇ ಮಾಡಬೇಕು: ಫೋನನ್ನು ಲಾಕ್ ಮಾಡಿ, ಪಿನ್ ಕೇಳುವ ಪರದೆಯಲ್ಲಿರುವ ‘ತುರ್ತು’ ಗುಂಡಿಯನ್ನು ಒತ್ತಿ, ಮೆಡಿಕಲ್ ಐಡಿ ಅಥವಾ ತುರ್ತು ಮಾಹಿತಿಯನ್ನು ತೆರೆದು, ಅಲ್ಲಿ ಕಾಣುವ ಸಂಖ್ಯೆಯನ್ನು ಅಂಕಿ ಅಂಕಿಯಾಗಿ ಓದಬೇಕು. ಸಂಪರ್ಕ ಪಟ್ಟಿಯಲ್ಲಿ ಯಾರದೋ ಹೊಸ ಸಂಖ್ಯೆಯನ್ನು ಬರೆದುಕೊಂಡ ದಿನವೂ ಈ ಪುಟವನ್ನು ಪ್ರತ್ಯೇಕವಾಗಿ ನೋಡುವುದು ಲೇಸು, ಏಕೆಂದರೆ ಒಂದೇ ಹೆಸರಿನಡಿ ಹಳೆಯದು ಹೊಸದು ಎರಡೂ ಇದ್ದಾಗ ಇಲ್ಲಿ ಹಳೆಯದೇ ಉಳಿದುಕೊಂಡಿರಬಹುದು.

ಸಂಖ್ಯೆಯ ಸ್ವರೂಪವೂ ಮುಖ್ಯವೇ. ಪ್ಲಸ್ ಚಿಹ್ನೆ ಮತ್ತು ದೇಶದ ಕೋಡ್‌ನೊಂದಿಗೆ ಬರೆದ ಸಂಖ್ಯೆಗೆ ಪರದೇಶದಿಂದಲೂ ಕರೆ ಹೋಗುತ್ತದೆ. ಐಫೋನಿನ ಎಸ್‌ಒಎಸ್ ಎಂಬ ತುರ್ತು ನೆರವು ಕೋರುವ ಸೌಲಭ್ಯವು ತುರ್ತು ಕರೆ ಮುಗಿದ ಮೇಲೆ, ನಾವು ರದ್ದು ಮಾಡದಿದ್ದರೆ, ನಾವಿರುವ ಸ್ಥಳವನ್ನು ಈ ಸಂಪರ್ಕಗಳಿಗೆ ಸಂದೇಶದ ಮೂಲಕ ತಿಳಿಸುತ್ತದೆ. ಮನೆಯ ಸ್ಥಿರ ದೂರವಾಣಿಯೊಂದನ್ನೇ ಕೊಟ್ಟಿದ್ದರೆ ಆ ಸಂದೇಶವನ್ನು ಯಾರೂ ನೋಡುವುದಿಲ್ಲ. ಆಂಡ್ರಾಯ್ಡ್ 12ರಿಂದೀಚೆಗೆ ಪವರ್ ಗುಂಡಿಯನ್ನು ಬೇಗಬೇಗ ಐದು ಬಾರಿ ಒತ್ತಿ ಎಸ್‌ಒಎಸ್ ಆರಂಭಿಸುವ ವ್ಯವಸ್ಥೆಯಿದೆ. ಇವನ್ನು ‘ಸುಮ್ಮನೆ ನೋಡೋಣ’ ಎಂದು ಒತ್ತಿ ಪರೀಕ್ಷಿಸಬಾರದು, ನಿಜವಾದ ಸಹಾಯವಾಣಿಗೇ ಕರೆ ಹೋಗಬಹುದು.

ಯಾರನ್ನು ಆರಿಸಬೇಕೆಂಬುದು ತಂತ್ರಜ್ಞಾನದ ಪ್ರಶ್ನೆಯಲ್ಲ, ಆದರೂ ಎಡವುವುದು ಹೆಚ್ಚಾಗಿ ಇಲ್ಲಿಯೇ. ಸದಾ ಜೊತೆಯಲ್ಲಿ ಪ್ರಯಾಣಿಸುವ ಸಂಗಾತಿಯ ಸಂಖ್ಯೆಯೊಂದೇ ಇದ್ದರೆ, ಅಪಘಾತವಾದಾಗ ಆ ಫೋನ್ ಅದೇ ಕಾರಿನಲ್ಲಿ ರಿಂಗಣಿಸುತ್ತಿರುತ್ತದೆ. ಬೇರೆ ಕಡೆ ವಾಸಿಸುವ, ನಮ್ಮ ಕಾಯಿಲೆ ಮತ್ತು ಔಷಧಿಗಳ ವಿಚಾರ ಬಲ್ಲ ಇನ್ನೊಬ್ಬರಾದರೂ ಇರಬೇಕು. ಹೆಸರಿನ ಜೊತೆ ‘ತಂಗಿ’, ‘ಮಗ’ ಎಂಬಂತೆ ಸಂಬಂಧವನ್ನು ನಮೂದಿಸಿದರೆ, ಕರೆ ಮಾಡುವ ಅಪರಿಚಿತರಿಗೆ ಮಾತು ಆರಂಭಿಸುವುದು ಸುಲಭವಾಗುತ್ತದೆ.

ಆಯ್ಕೆಯಾದವರಿಗೆ ಈ ಸಂಗತಿ ತಿಳಿದಿರಬೇಕು. ಆಸ್ಪತ್ರೆಯಿಂದಲೋ ದಾರಿಹೋಕರ ಫೋನಿನಿಂದಲೋ ಬರುವ ಕರೆ ಅವರಿಗೆ ಅಪರಿಚಿತ ಸಂಖ್ಯೆಯಾಗಿಯೇ ಕಾಣುತ್ತದೆ. ಅಪರಿಚಿತ ಕರೆಗಳನ್ನು ಮೌನಗೊಳಿಸುವ ಆಯ್ಕೆಯನ್ನು ಅವರು ಬಳಸುತ್ತಿದ್ದರೆ ರಿಂಗಣವೇ ಕೇಳಿಸದು. ಹಾಗಾಗಿ ಸಂಖ್ಯೆ ಬದಲಾಗಿದೆಯೇ ಎಂದು ಅವರನ್ನು ವಿಚಾರಿಸುವಾಗ, ಆ ಆಯ್ಕೆಯನ್ನು ಬಳಸುತ್ತಿದ್ದಾರೆಯೇ ಎಂಬುದನ್ನೂ ಕೇಳಿಬಿಡಬೇಕು.