ಓದುಗರ ಪ್ರಶ್ನೆ: ಅಘನಾಶಿನಿಯ ನೀರು ಸುಮ್ಮನೆ ಸಮುದ್ರ ಸೇರುತ್ತದೆಯೇ?

ಪ್ರಶ್ನೆ: “ಡಿಸೆಂಬರ್ ರಜೆಗೆ ಮಕ್ಕಳನ್ನು ಕರೆದುಕೊಂಡು ಗೋಕರ್ಣದ ಕಡೆ ಬರುವವರಿದ್ದೇವೆ ಸರ್. ಅಘನಾಶಿನಿ ಸಮುದ್ರ ಸೇರುವಲ್ಲಿ ನೋಡುವಂಥದ್ದು ಏನಿದೆ, ಯಾವ ಹೊತ್ತಿಗೆ ಹೋಗಬೇಕು? ಅಣೆಕಟ್ಟು ಇಲ್ಲದ್ದರಿಂದ ಅಷ್ಟೂ ಸಿಹಿನೀರು ಅಲ್ಲಿ ವ್ಯರ್ಥವಾಗಿ ಹೋಗುತ್ತದಂತೆ, ನಿಜವೇ?”

ಈ ಪ್ರಶ್ನೆಯ ಮೊದಲರ್ಧಕ್ಕೆ ಉತ್ತರ ಹೇಳುವುದೆಂದರೆ ನನಗೆ ಎಂದಿಗೂ ಬೇಸರವಿಲ್ಲ. ಎರಡನೆಯ ಅರ್ಧಕ್ಕೆ ಉತ್ತರ ಹೇಳಿ ಹೇಳಿ ಬಾಯಿ ಸೋತಿದೆ. ಸಂಕದ ಮೇಲೆ ನಿಂತು ಕೇಳಿದವರಿದ್ದಾರೆ, ಮದುವೆಮನೆಯ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತು ಕೇಳಿದವರಿದ್ದಾರೆ, ನಾನೇ ಭೂಗೋಳ ಕಲಿಸಿದ ಹುಡುಗರು ದೊಡ್ಡವರಾಗಿ ಬಂದು ಕೇಳಿದ್ದಾರೆ. ಆದ್ದರಿಂದ ಮೊದಲರ್ಧವನ್ನು ಬೇಗ ಮುಗಿಸುತ್ತೇನೆ. ಎರಡನೆಯದನ್ನು ಈ ಸಲ ಬುಡದಿಂದಲೇ ಹೇಳಿಬಿಡುತ್ತೇನೆ.

ಯಾವ ತಿಂಗಳು ಎಂದರೆ ನವೆಂಬರ್‌ನಿಂದ ಫೆಬ್ರುವರಿ. ವಲಸೆ ಹಕ್ಕಿಗಳು ಇರುತ್ತವೆ, ಹೊಳೆ ತಿಳಿಯಾಗಿರುತ್ತದೆ. ಆದರೆ ಹೊಳೆ ಕಡಲು ಸೇರುವ ಅಳಿವೆಯಲ್ಲಿ ತಿಂಗಳಿಗಿಂತ ತಿಥಿ ಮುಖ್ಯ. ಅಮಾವಾಸ್ಯೆ ಹುಣ್ಣಿಮೆಯ ಎದುರಿಗೆ ನಮ್ಮ ಕರಾವಳಿಯಲ್ಲಿ ಸುಮಾರಾಗಿ ನಡುಹಗಲಿಗೆ ಉಬ್ಬರ, ನಸುಕಿಗೂ ಸಂಜೆಗೂ ಇಳಿತ. ಆಮೇಲೆ ದಿನಕ್ಕೆ ಐವತ್ತು ನಿಮಿಷದಂತೆ ಹಿಂದೆ ಬೀಳುತ್ತ ಹೋಗುತ್ತದೆ. ಲೆಕ್ಕ ಹಾಕಿ ನೋಡಿ, ತದಿಗೆ ಚೌತಿಯ ಹೊತ್ತಿಗೆ ಇಳಿತ ಬೆಳಗಿನ ಏಳೆಂಟು ಗಂಟೆಗೆ ಬಂದು ನಿಲ್ಲುತ್ತದೆ. ಅದೇ ನಿಮಗೆ ಬೇಕಾದ ಹೊತ್ತು. ಎಳೆಬಿಸಿಲು, ಬಯಲಾದ ಕೆಸರು, ಅದರ ತುಂಬ ಹಕ್ಕಿ. ಅಷ್ಟಮಿ ನವಮಿಗೆ ಬಂದರೆ ನೀರು ಅಷ್ಟಾಗಿ ಇಳಿಯುವುದೇ ಇಲ್ಲ. ಎಷ್ಟೋ ಜನ ಭರ್ತಿ ಉಬ್ಬರದಲ್ಲಿ ಬಂದು, “ಬರೀ ನೀರೇ ಇದೆಯಲ್ಲ” ಎಂದು ಫೋಟೊ ತೆಗೆದುಕೊಂಡು ಹೋಗುತ್ತಾರೆ. ನೋಡುವಂಥದ್ದೆಲ್ಲ ಆ ನೀರಿನ ಅಡಿಗಿರುತ್ತದೆ.

ಗೋಕರ್ಣದಿಂದ ತದಡಿಗೆ ಬನ್ನಿ. ಬಂದರು ನೋಡಿ. ಬಾರ್ಜ್ ಹತ್ತಿ ಆಚೆ ದಂಡೆಯ ಅಘನಾಶಿನಿ ಊರಿಗೆ ದಾಟಿ. ತದಡಿಗೆ ಬರುವ ದಾರಿಯಲ್ಲಿ ಸಾಣಿಕಟ್ಟಾದ ಉಪ್ಪಿನ ಆಗರ ಸಿಗುತ್ತದೆ, ಅಲ್ಲಿಯ ಕಲ್ಲುಪ್ಪು ಒಂದು ಕಿಲೋ ಕೊಂಡುಕೊಳ್ಳಿ, ಮುಂದೆ ಬೇಕಾಗುತ್ತದೆ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಹಲಗೆ ಹಾಸಿದ ದಾರಿ ಎಲ್ಲಿದೆ ಎಂದು ಕೇಳುವವರಿಗೆ ಮತ್ತೊಮ್ಮೆ ಹೇಳುತ್ತೇನೆ, ಅದು ಹೊನ್ನಾವರದ ಶರಾವತಿಯ ಬದಿಯದು. ಇಲ್ಲಿ ಕಾಂಡ್ಲಾ ನೋಡಬೇಕೆಂದರೆ ದೋಣಿಯೇ ಸರಿ. ಗರುಡ, ಬಿಳಿಹೊಟ್ಟೆಯ ಕಡಲಹದ್ದು, ಬೆಳ್ಳಕ್ಕಿ, ಮೂರ್ನಾಲ್ಕು ಬಗೆಯ ಮಿಂಚುಳ್ಳಿ, ಕೆಸರಿನ ಅಂಚಿಗೆ ಓಡಾಡುವ ಉಲ್ಲಂಕಿಗಳು ಕಾಣುತ್ತವೆ. ಪುಣ್ಯವಿದ್ದರೆ ನೀರುನಾಯಿ. ಕೆಸರಿನ ಮೇಲೆ ಕುಪ್ಪಳಿಸುವ ಮೀನನ್ನೂ ಒಂದೇ ಒಂದು ದೊಡ್ಡ ಕೊಂಬನ್ನು ಬೀಸಿ ಕರೆಯುವ ಪುಟ್ಟ ಏಡಿಯನ್ನೂ ಮಕ್ಕಳಿಗೆ ತೋರಿಸಿ. ದೋಣಿ ನಿಲ್ಲಿಸಿ ಐದು ನಿಮಿಷ ಸದ್ದು ಮಾಡದೆ ಕೂತರೆ ಸಾಕು, ಬಿಲದಿಂದ ಹೊರಬರುತ್ತವೆ.

ಈಗ ಆ ‘ವ್ಯರ್ಥ’ದ ವಿಷಯ.

ಅಘನಾಶಿನಿ ಸುಮಾರು 120 ಕಿಲೋಮೀಟರಿನ ಹೊಳೆ. ಮಂಜುಗುಣಿ ಕಡೆಯಿಂದ ಬರುವ ಬಾಕೂರು ಹೊಳೆ, ಶಿರಸಿಯ ಕಡೆಯಿಂದ ಬರುವ ದೋಣಿಹಳ್ಳ ಎರಡೂ ಕೂಡಿ ಅಘನಾಶಿನಿ ಆಗುತ್ತದೆ. ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಕುಮಟಾ ತಾಲೂಕಿನಲ್ಲಿ ಸಮುದ್ರ ಸೇರುತ್ತದೆ. ಇಷ್ಟುದ್ದದಲ್ಲಿ ಎಲ್ಲಿಯೂ ದೊಡ್ಡ ಅಣೆಕಟ್ಟಿಲ್ಲ. ‘ಯಾರಿಗೂ ಉಪಯೋಗವಿಲ್ಲದೆ ಹರಿದುಹೋಗುವ ನೀರು’ ಎಂಬ ಮಾತು ಹುಟ್ಟಿದ್ದೇ ಇಲ್ಲಿಂದ. ಬಯಲುಸೀಮೆಯ ವೇದಾವತಿ ನದಿಗೆ ಈ ನೀರನ್ನು ತಿರುಗಿಸುವ ಯೋಜನೆಯ ಮಾತು ಬಂದಾಗಲೂ ಮೊದಲು ಕೇಳಿಬಂದದ್ದು ಇದೇ ವಾಕ್ಯ.

ಬಯಲುಸೀಮೆಯ ನೀರಿನ ಕಷ್ಟ ಸುಳ್ಳಲ್ಲ. ನಾನೂ ಅಲ್ಲಿ ಕೆಲವು ವರ್ಷ ಕೆಲಸ ಮಾಡಿದವನು, ಟ್ಯಾಂಕರ್ ಮುಂದೆ ಕೊಡ ಹಿಡಿದು ನಿಂತವನು. ಆ ಕಷ್ಟಕ್ಕೆ ದಾರಿ ಹುಡುಕಬೇಕು. ಆದರೆ ಅದಕ್ಕಾಗಿ ಈ ನೀರಿಗೆ ‘ವ್ಯರ್ಥ’ ಎಂದು ಹೆಸರಿಡುವುದು ಲೆಕ್ಕದಲ್ಲೇ ತಪ್ಪು.

ಶಾಲೆಯಲ್ಲಿ ಪ್ರತಿ ಮಳೆಗಾಲ ಒಂದು ಪ್ರಯೋಗ ಮಾಡಿಸುತ್ತಿದ್ದೆ. ಕೆಂಪು ಹೊಳೆನೀರನ್ನು ಎರಡು ಗಾಜಿನ ಲೋಟಕ್ಕೆ ಸಮನಾಗಿ ತುಂಬುವುದು. ಒಂದಕ್ಕೆ ಒಂದು ಚಮಚ ಸಾಣಿಕಟ್ಟಾ ಉಪ್ಪು ಹಾಕಿ ಕದಡುವುದು, ಇನ್ನೊಂದನ್ನು ಬರಿದೇ ಕದಡುವುದು. ಎರಡನ್ನೂ ಕಿಟಕಿಯ ಹತ್ತಿರ ಇಟ್ಟು ಪಾಠ ಮುಂದುವರಿಸುವುದು. ಪಾಠ ಮುಗಿಯುವ ಹೊತ್ತಿಗೆ ಉಪ್ಪು ಹಾಕಿದ ಲೋಟದಲ್ಲಿ ಮಣ್ಣು ಎಳೆಎಳೆಯಾಗಿ ಕೂಡಿ ಕೆಳಗೆ ಕೂರಲು ತೊಡಗಿರುತ್ತದೆ, ಮೇಲಿನ ನೀರು ತಿಳಿಯಾಗುತ್ತಿರುತ್ತದೆ. ಇನ್ನೊಂದು ಲೋಟ ಮಾತ್ರ ಕೆಂಪಗೆ ಹಾಗೇ ಇರುತ್ತದೆ. ಸಿಹಿನೀರಿನಲ್ಲಿ ಒಂದನ್ನೊಂದು ದೂರ ತಳ್ಳುತ್ತ ತೇಲುವ ಜೇಡಿಯ ಕಣಗಳು ಉಪ್ಪು ಸೇರಿದ ಕೂಡಲೇ ಅಂಟಿಕೊಂಡು ಭಾರವಾಗುತ್ತವೆ. ಅಳಿವೆ ಎಂದರೆ ಆ ಉಪ್ಪು ಹಾಕಿದ ಲೋಟ. ಘಟ್ಟದ ಮಣ್ಣು ಬಂದು ಕೂತು ಕೆಸರುಬಯಲು ಆಗುವುದು ಹೀಗೆ. ಆ ಕೆಸರಿನಲ್ಲಿ ಹುಳ, ಹುಳಕ್ಕೆ ಹಕ್ಕಿ. ಆ ಕೆಸರಿನಲ್ಲೇ ಕಾಂಡ್ಲಾ ಬೇರೂರುವುದು, ಉಸಿರುಬೇರುಗಳನ್ನು ಮೇಲೆ ಚಾಚಿ ಇನ್ನಷ್ಟು ಮಣ್ಣನ್ನು ಹಿಡಿದಿಡುವುದು. ಹೊಳೆ ಬಾರದಿದ್ದರೆ ಈ ಮಣ್ಣು ಎಲ್ಲಿಂದ ಬರಬೇಕು? ದಂಡೆಗೆ ಮರಳು ತಂದು ಸುರಿಯುವುದೂ ಹೊಳೆಯೇ. ಹೊಳೆ ಸೊರಗಿದರೆ ಕಡಲು ದಂಡೆಯನ್ನು ಕೊರೆಯತೊಡಗುತ್ತದೆ, ಬಾವಿಗಳಿಗೆ ಉಪ್ಪು ಏರುತ್ತದೆ.

ಇನ್ನು ಮೀನಿನ ಲೆಕ್ಕ. ಹೊಳೆನೀರು ಬಂಡೆಯನ್ನು ಸವೆಸಿ ಕರಗಿದ ಸಿಲಿಕಾ ತರುತ್ತದೆ. ಕಡಲಿನ ಸೂಕ್ಷ್ಮ ಪಾಚಿಗಳಲ್ಲಿ ಡಯಾಟಮ್ ಎಂಬ ಬಗೆಗೆ ತನ್ನ ಗಾಜಿನಂಥ ಚಿಪ್ಪು ಕಟ್ಟಿಕೊಳ್ಳಲು ಇದು ಬೇಕೇಬೇಕು. ಡಯಾಟಮ್ ತಿನ್ನುವ ಸಣ್ಣ ಜೀವಿಗಳು, ಅವನ್ನು ತಿನ್ನುವ ಮೀನುಮರಿ, ಹೀಗೆ ಬಲೆಯವರೆಗೆ ಸಾಲು ಬೆಳೆಯುತ್ತದೆ. ಸಿಗಡಿಯನ್ನು, ನಮ್ಮ ಕಡೆಯ ಮಾತಿನಲ್ಲಿ ಶೆಟ್ಲಿಯನ್ನು, ನೋಡಿ. ತಾಯಿ ಮೊಟ್ಟೆಯಿಡುವುದು ಕಡಲಿನಲ್ಲಿ. ಕಣ್ಣಿಗೆ ಕಾಣದಷ್ಟು ಸಣ್ಣ ಮರಿಗಳು ಉಬ್ಬರದ ಜೊತೆ ಅಳಿವೆಯೊಳಗೆ ಬಂದು ಕಾಂಡ್ಲಾ ಬುಡದಲ್ಲಿ, ಅಳಿವೆಯ ಅಂಚಿನ ಗಜನಿ ಎಂಬ ಚೌಳು ಗದ್ದೆಯ ನೀರಿನಲ್ಲಿ ಕೆಲವು ತಿಂಗಳು ಬೆಳೆದು ಮತ್ತೆ ಕಡಲಿಗೆ ಹೋಗುತ್ತವೆ. ಮುಂದೆ ಟ್ರಾಲರ್‌ನಲ್ಲಿ ಬಂದು ತದಡಿಯಲ್ಲಿ ಹರಾಜಾಗುವ ಸಿಗಡಿಗೆ ಬಾಲವಾಡಿ ಈ ಚೌಳುನೀರು. ‘ಸಮುದ್ರಕ್ಕೆ ಹೋದ ನೀರು’ ಎಂದು ನಾವು ಕೈಬಿಟ್ಟದ್ದು ಹೀಗೆ ಬುಟ್ಟಿಯಲ್ಲಿ ಮರಳಿ ಬರುತ್ತದೆ.

ಮತ್ತೆ ಬೆಳಚು ಎಂಬ ಚಿಪ್ಪಿ. ಇಳಿತದಲ್ಲಿ ಸೊಂಟದುದ್ದದ ನೀರಿನಲ್ಲಿ ನಿಂತ ಹೆಂಗಸರನ್ನು ಕಾಣುತ್ತೀರಿ. ಪಾತ್ರೆಯೊಂದು ಹಗ್ಗದಲ್ಲಿ ಸೊಂಟಕ್ಕೆ ಕಟ್ಟಿಕೊಂಡು ಪಕ್ಕದಲ್ಲೇ ತೇಲುತ್ತಿರುತ್ತದೆ. ಅವರು ಕೆಳಗೆ ನೋಡುವುದೇ ಇಲ್ಲ. ಹೆಬ್ಬೆರಳಿನಿಂದ ಮರಳು ಕೆದಕುತ್ತ ನಿಧಾನ ಸರಿಯುತ್ತಾರೆ, ತಟಕ್ಕನೆ ಮುಳುಗಿ ಏಳುತ್ತಾರೆ, ಕೈಯಲ್ಲಿ ನಾಲ್ಕು ಚಿಪ್ಪಿ. “ಅಕ್ಕ, ಕಲ್ಲೋ ಬೆಳಚೋ ಹೇಗೆ ತಿಳಿಯುತ್ತದೆ?” ಎಂದು ಒಮ್ಮೆ ಕೇಳಿದ್ದೆ. “ಕಾಲಿಗೇ ಗೊತ್ತಾಗ್ತದೆ ಮಾಸ್ತರ್ರೇ” ಎಂದರು. 2008ರ ಸುಮಾರಿಗೆ ವಿಜ್ಞಾನಿಗಳು ಲೆಕ್ಕ ಹಾಕಿದಾಗ ಈ ಅಳಿವೆಯಲ್ಲಿ ಚಿಪ್ಪಿಯ ಕೆಲಸವನ್ನು ನೆಚ್ಚಿದವರು ಎರಡು ಸಾವಿರಕ್ಕೂ ಹೆಚ್ಚು ಜನ. ಮೀನುಗಾರರನ್ನು ಸೇರಿಸದೆ ಇಷ್ಟು.

ಇಷ್ಟು ಹೇಳಿದ ಮೇಲೂ ಒಂದು ಮರುಪ್ರಶ್ನೆ ತಪ್ಪದೆ ಬರುತ್ತದೆ. “ಮಳೆಗಾಲದ ಹೆಚ್ಚುವರಿ ನೀರನ್ನು ಮಾತ್ರ ತೆಗೆದರೆ ಏನು ತೊಂದರೆ?” ನೋಡಿ, ಮೇಲೆ ಹೇಳಿದ ಕೆಲಸವನ್ನೆಲ್ಲ ಮಾಡುವುದೇ ಆ ಮಳೆಗಾಲದ ನೀರು! ಮಣ್ಣು ಬರುವುದು ಜುಲೈಯ ಕೆಂಪು ಹೊಳೆಯಲ್ಲಿ, ತಿಳಿಯಾದ ಜನವರಿಯ ಹೊಳೆಯಲ್ಲಿ ಅಲ್ಲ. ಗಜನಿ ಗದ್ದೆಯಲ್ಲಿ ಬೇಸಗೆಯಿಡೀ ಕೂತ ಉಪ್ಪನ್ನು ತೊಳೆಯುವುದೂ ಆ ನೀರೇ. ಉಪ್ಪು ಇಳಿದರೇನೇ ಕಗ್ಗ ಭತ್ತ ಮೊಳೆಯುವುದು. ಕಗ್ಗ ಚೌಳನ್ನೂ ನೆರೆಯನ್ನೂ ತಾಳಿಕೊಳ್ಳುವ ತಳಿ ನಿಜ, ದಿನಗಟ್ಟಲೆ ಮುಳುಗಿದ್ದರೂ ಮತ್ತೆ ತಲೆಯೆತ್ತುತ್ತದೆ. ಆದರೆ ಬರೀ ಸಮುದ್ರದ ನೀರಿನಲ್ಲಿ ಅದೂ ಬೆಳೆಯದು. ಮಾಣಿಕಟ್ಟಾದಲ್ಲಿ ರೈತರು ಇಂದಿಗೂ ಒಟ್ಟಾಗಿ ಕಗ್ಗ ಬೆಳೆಯುತ್ತಾರೆ. ಕೊಯ್ಲು ಮುಗಿದ ಮೇಲೆ ತೂಬಿನ ಹಲಗೆ ಎತ್ತಿ ಉಬ್ಬರದ ನೀರನ್ನು ಒಳಗೆ ಬಿಡುತ್ತಾರೆ. ಕೂಳೆ ಕೊಳೆತು ಸಿಗಡಿ ಮರಿಗೆ ಮೇವಾಗುತ್ತದೆ. ಒಂದೇ ಗದ್ದೆಯಲ್ಲಿ ಆರು ತಿಂಗಳು ಅಕ್ಕಿ, ಆರು ತಿಂಗಳು ಮೀನು. ಹೊಳೆಗೂ ಕಡಲಿಗೂ ಸರದಿ ತಪ್ಪದಿದ್ದರೆ ಮಾತ್ರ ಇದು ನಡೆಯುತ್ತದೆ.

ಸರದಿ ತಪ್ಪಿದರೆ ಏನಾಗುತ್ತದೆ ಎಂದು ತಿಳಿಯಲು ದೂರ ಹೋಗಬೇಕಿಲ್ಲ. ಪಕ್ಕದ ಶರಾವತಿ ಇದೆ. ಅಲ್ಲಿ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು, ಆಮೇಲೆ ಕೆಳಗೆ ಗೇರುಸೊಪ್ಪೆಯ ಅಣೆಕಟ್ಟು ಬಂತು. ಸಿಹಿನೀರು ಅಲ್ಲಿ ಕಡಿಮೆಯಾಯಿತು ಎಂದು ನೀವು ಊಹಿಸಬಹುದು. ಆದದ್ದು ಬೇರೆ. ವಿದ್ಯುತ್ತಿಗಾಗಿ ವರ್ಷವಿಡೀ ನೀರು ಬಿಡುವುದರಿಂದ, ಬೇಸಗೆಯಲ್ಲಿ ಏರಬೇಕಾದ ಉಪ್ಪು ಹೊಳೆಯೊಳಗೆ ಏರುವುದೇ ಇಲ್ಲ. ಬೆಳಚಿಗೆ ಮಳೆಗಾಲದ ಸಿಹಿಯೂ ಬೇಕು, ಮಳೆ ಮುಗಿದ ಮೇಲೆ ಉಪ್ಪೂ ಬೇಕು. ಮರಿಯಾಗುವುದು ಉಪ್ಪು ಮರಳಿದ ಮೇಲೆಯೇ. ಶರಾವತಿಯ ಅಳಿವೆಯಲ್ಲಿ ಚಿಪ್ಪಿಗಳು ನೆಲೆ ಕಳೆದುಕೊಂಡದ್ದನ್ನು, ಮೀನಿನ ಜಾತಿಗಳು ಕುಗ್ಗಿದ್ದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಅಘನಾಶಿನಿಯ ಜೊತೆ ಹೋಲಿಸಿ ದಾಖಲಿಸಿದ್ದಾರೆ. ಅಳಿವೆಗೆ ಎಷ್ಟು ನೀರು ಎನ್ನುವಷ್ಟೇ ಯಾವಾಗ ನೀರು ಎನ್ನುವುದೂ ಮುಖ್ಯ. ಕೊಡದ ಲೆಕ್ಕದಲ್ಲಿ ಹೊಳೆಯನ್ನು ಅಳೆಯುವವರಿಗೆ ಈ ಎರಡನೆಯ ಮಾತು ಹೊಳೆಯುವುದೇ ಇಲ್ಲ ಎಂಬುದು ನನ್ನ ಸಂಕಟ.

2024ರ ಜನವರಿಯಲ್ಲಿ ಈ ಅಳಿವೆಯ 4,801 ಹೆಕ್ಟೇರು ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಕರ್ನಾಟಕದಲ್ಲಿ ಅದಕ್ಕೂ ಮೊದಲು ಆ ಪಟ್ಟಿಯಲ್ಲಿದ್ದದ್ದು ರಂಗನತಿಟ್ಟು ಒಂದೇ. ಸುದ್ದಿ ಬಂದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ. ಇದೇ ತದಡಿಯಲ್ಲಿ 4,000 ಮೆಗಾವಾಟ್‌ನ ಕಲ್ಲಿದ್ದಲು ಸ್ಥಾವರ ಬರುವುದಿತ್ತು. ಬೇಡವೆಂದು ಊರೂರಿನ ಜನ ಎದ್ದು ನಿಂತರು, ಅದು ಬರಲಿಲ್ಲ. ಅಂದು ನಿಂತವರಲ್ಲಿ ಬೆಳಚು ಹೆಕ್ಕುವವರೂ ಇದ್ದರು ಎಂಬುದು ನೆನಪಿನಲ್ಲಿರಲಿ.

ಇದೇ ಹೊಳೆಯ ಬದಿಯ ಮಿರ್ಜಾನದ ಬಗ್ಗೆ ಯಾರೂ ಕೇಳಿಲ್ಲ, ಆದರೂ ಹೇಳದೆ ಇರಲಾರೆ. ಕೋಟೆಗೆ ಎಲ್ಲರೂ ಹೋಗುತ್ತಾರೆ. ಪಾಚಿ ಹಿಡಿದ ಕೆಂಪುಕಲ್ಲಿನ ಗೋಡೆಯ ಮುಂದೆ ನಿಲ್ಲುತ್ತಾರೆ, ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರು ಹೇಳುತ್ತಾರೆ, ಪೋರ್ಚುಗೀಸರು ಆಕೆಯನ್ನು ಮೆಣಸಿನ ರಾಣಿ ಎಂದರು ಎಂಬ ಮಾತೂ ಬರುತ್ತದೆ. ಆದರೆ ಕಡಲ ವ್ಯಾಪಾರದ ಕೋಟೆ ಕಡಲಂಚಿನಲ್ಲಿ ಇಲ್ಲದೆ ಅಷ್ಟು ಒಳಗೆ ಏಕಿದೆ ಎಂದು ಒಬ್ಬರೂ ಕೇಳುವುದಿಲ್ಲ. ನನ್ನ ಉತ್ತರ ಉಬ್ಬರ. ಅಳಿವೆಯ ಬಾಯಿಗೆ ಬಂದ ದೋಣಿಯನ್ನು ಏರುವ ನೀರೇ ಒಳಗೆ ಒಯ್ಯುತ್ತದೆ. ಮೆಣಸು ತುಂಬಿಕೊಂಡ ಮೇಲೆ ಇಳಿತವೇ ಅದನ್ನು ಹೊರಗೆ ಬಿಡುತ್ತದೆ. ಹುಟ್ಟು ಹಾಕುವ ಶ್ರಮ ಅರ್ಧ ಉಳಿಯಿತು. ಘಟ್ಟದಿಂದ ಇಳಿದುಬರುವ ಮೆಣಸಿಗೂ ಹತ್ತಿರ. ಒಳಗೆ ಅಲೆಯಿಲ್ಲ, ಬಿರುಗಾಳಿಯಿಲ್ಲ. ಬಾಯಿ ಕಾದುಕೊಂಡರೆ ಶತ್ರುವಿಗೂ ದಾರಿಯಿಲ್ಲ. ಅಲ್ಲಿ ಉತ್ಖನನದಲ್ಲಿ ಚೀನಾದ ಪಿಂಗಾಣಿಯ ಚೂರುಗಳು ಸಿಕ್ಕಿವೆ. ಅವು ಬಂದದ್ದೂ ಇದೇ ಉಬ್ಬರದ ಬೆನ್ನೇರಿ.

ಹಾಗಾಗಿ ಕೋಟೆಯನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ, ಬೆಳಗನ್ನು ಕೆಸರಿಗೆ ಕೊಡಿ. ಮಕ್ಕಳಿಗೆ ಹವಾಯಿ ಚಪ್ಪಲಿ ಬೇಡ, ಕೆಸರಿನಲ್ಲಿ ಕಳಚಿಹೋಗುತ್ತದೆ. ಬರಿಗಾಲಂತೂ ಬೇಡವೇ ಬೇಡ, ಬಂಡೆಗೆ ಅಂಟಿದ ಚಿಪ್ಪಿಯ ಅಂಚು ಬ್ಲೇಡಿನಷ್ಟು ಹರಿತ. ಹಿಮ್ಮಡಿಗೆ ಪಟ್ಟಿ ಇರುವಂಥದ್ದು ಹಾಕಿಸಿ. ದೋಣಿಯವರನ್ನು ಹಿಂದಿನ ದಿನವೇ ಕಂಡು, “ನಾಳೆ ನೀರು ಎಷ್ಟು ಹೊತ್ತಿಗೆ ಇಳಿಯುತ್ತದೆ?” ಎಂದು ಕೇಳಿಕೊಳ್ಳಿ. ಅವರು ಹೇಳುವ ಹೊತ್ತಿಗಿಂತ ಅರ್ಧ ಗಂಟೆ ಮೊದಲೇ ದಂಡೆಯಲ್ಲಿರಿ.